ಹಾಡು ಬಾರದು, ವೇಷ ಕಟ್ಟಲು ಬಾರದು: ನನ್ನಿಂದ ಯಾರಿಗೆ ಏನು ಉಪಯೋಗ?

ನಿವೃತ್ತ ಕ್ಯಾಷಿಯರ್, ಉಡುಪಿ

ಎಲ್ಲರಿಗೂ ನಮಸ್ಕಾರ. ವೃತ್ತಿಜೀವನವನ್ನೆಲ್ಲ ಬ್ಯಾಂಕಿನ ನಗದು ಕೌಂಟರಿನಲ್ಲಿ ಕಳೆದು ಈಚೆಗೆ ನಿವೃತ್ತಳಾಗಿದ್ದೇನೆ. ಮನೆ ಅಂಬಲಪಾಡಿಯಲ್ಲಿ. ಮಗಳು ಬೆಂಗಳೂರಿನಲ್ಲಿದ್ದಾಳೆ, ಯಜಮಾನರಿಗೆ ತೋಟವಿದೆ. ಬೆಳಗ್ಗೆ ಹತ್ತು ಗಂಟೆಯಾಯಿತೆಂದರೆ ನನಗೆ ಮಾತ್ರ ಕೈ ಸುಮ್ಮನಿರುವುದಿಲ್ಲ. ಯಾರಿಗಾದರೂ ಉಪಕಾರವಾಗುವ ಕೆಲಸ ಮಾಡಬೇಕೆಂಬ ಆಸೆಯಿದೆ. ಸಂಬಳ ಬೇಡ.

ಆದರೆ ಮಾಡುವುದೇನು? ನಮ್ಮ ಜಿಲ್ಲೆಯಲ್ಲಿ ಪ್ರತಿಭೆ ಎಂದರೆ ರಂಗಸ್ಥಳದಲ್ಲಿ ಕಾಣುವಂಥದ್ದು. ಯಕ್ಷಗಾನ, ಭರತನಾಟ್ಯ, ಹುಲಿವೇಷ, ತಾಳಮದ್ದಲೆಯ ಅರ್ಥಗಾರಿಕೆ. ಪಕ್ಕದ ಮನೆಯ ಹುಡುಗಿ ಚೆಂಡೆ ಬಾರಿಸುತ್ತಾಳೆ, ಎದುರು ಮನೆಯವರು ಅನಾಥಾಲಯದ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತಾರೆ. ನನ್ನನ್ನು ಭಜನೆಯಲ್ಲಿ ತಾಳಕ್ಕೆ ಕೂರಿಸುತ್ತಾರೆ, ಅರ್ಧ ಹಾಡಿನಲ್ಲಿ ತಾಳವನ್ನೂ ಮರಳಿ ಕೇಳುತ್ತಾರೆ. ಮಗಳು ಮೊಬೈಲಿಗೆ ಒಂದು ಪ್ರಶ್ನಾವಳಿ ಕಳುಹಿಸಿದಳು. ಎಲ್ಲದಕ್ಕೂ ಉತ್ತರ ಒತ್ತಿದ ಮೇಲೆ ‘ನೀವು ಸೃಜನಶೀಲ ನಾಯಕಿ’ ಎಂದು ಬಂತು. ಯಜಮಾನರ ನಗು ಇನ್ನೂ ನಿಂತಿಲ್ಲ.

ನಿಮ್ಮೊಳಗಿನ ಶಕ್ತಿ ಯಾವುದೆಂದು ನಿಮಗೆ ಹೇಗೆ ಗೊತ್ತಾಯಿತು? ಅದನ್ನು ಇನ್ನೊಬ್ಬರಿಗೆ ಒದಗುವ ಹಾಗೆ ಹೇಗೆ ಬೆಳೆಸಿದಿರಿ?

ಹಂಪನಕಟ್ಟೆ

ಅಕ್ಕ, ದೂರ ಹೋಗಬೇಕಾಗಿಲ್ಲ. ನಮ್ಮ ಹರೇಕಳ ಹಾಜಬ್ಬರನ್ನು ನೋಡಿ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವಿದೇಶಿ ಪ್ರವಾಸಿಯೊಬ್ಬರು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರಿಸಲಾಗದೆ ನಾಚಿದರು. ಆ ನಾಚಿಕೆ ತಮ್ಮೂರು ನ್ಯೂಪಡ್ಪುವಿನ ಮಕ್ಕಳಿಗೆ ಬರಬಾರದೆಂದು ಹಣ್ಣಿನ ಸಂಪಾದನೆಯಲ್ಲೇ ಉಳಿಸಿ, ಕಚೇರಿಯಿಂದ ಕಚೇರಿಗೆ ಅಲೆದು ಶಾಲೆ ಮಾಡಿಸಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರಲ್ಲಿ ಯಾವ ಪ್ರತಿಭೆ ಇತ್ತು, ಹೇಳಿ? ಮನಸ್ಸಿದ್ದರೆ ಸಾಕು.

ಕದ್ರಿಯ ಹಿರಿಯ

ಮಾರಾಯರೇ, ಈ ಪ್ರಶ್ನೆ ಬಂದಾಗಲೆಲ್ಲ ಯಾರಾದರೊಬ್ಬರು ಹಾಜಬ್ಬರನ್ನು ಎದುರಿಗೆ ತಂದು ನಿಲ್ಲಿಸುತ್ತೀರಿ. ಅವರ ಮೇಲೆ ನನಗೆ ಬಹಳ ಗೌರವವಿದೆ. ಆದರೆ ನಿಮ್ಮ ‘ಮನಸ್ಸಿದ್ದರೆ ಸಾಕು’ ಎಂಬ ಮಾತು ಅವರಿಗೇ ಮಾಡುವ ಅವಮಾನ. ಯಾವ ಅರ್ಜಿ ಯಾವ ಮೇಜಿಗೆ ಹೋಗಬೇಕು, ಯಾರನ್ನು ಮತ್ತೆ ಮತ್ತೆ ಕಾಣಬೇಕು, ಇಲ್ಲ ಎನ್ನಿಸಿಕೊಂಡ ಮೇಲೂ ಮುಖ ಕೆಡಿಸಿಕೊಳ್ಳದೆ ಮರುದಿನ ಹೋಗಿ ನಿಲ್ಲುವುದು ಹೇಗೆ, ಇವೆಲ್ಲ ವಿದ್ಯೆಯೇ. ಅಕ್ಷರ ಬಲ್ಲ ನಮ್ಮಲ್ಲಿ ಎಷ್ಟು ಮಂದಿಗೆ ಅದು ಬರುತ್ತದೆ? ನನಗಂತೂ ಜಮೀನಿನ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಒಂದು ಹೆಸರು ತಿದ್ದಿಸುವುದರೊಳಗೆ ಸಾಕಾಗಿಹೋಗುತ್ತದೆ.

ಇನ್ನೊಂದು ಮಾತು. ಅವರು ‘ನನ್ನಲ್ಲಿ ಏನಿದೆ’ ಎಂದು ಹುಡುಕುತ್ತ ಕುಳಿತವರಲ್ಲ. ಊರಿನಲ್ಲಿ ಏನಿಲ್ಲ ಎಂಬುದು ಮೊದಲು ಕಣ್ಣಿಗೆ ಬಿತ್ತು, ಅದಕ್ಕೆ ಬೇಕಾದ ಸಾಮರ್ಥ್ಯ ಆಮೇಲೆ ಬೆಳೆಯಿತು. ಫಾದರ್ ಮುಲ್ಲರ್ ಅವರದ್ದೂ ಹೆಚ್ಚುಕಡಿಮೆ ಇದೇ ದಾರಿ. ಅವರು ಮಂಗಳೂರಿಗೆ ಬಂದದ್ದು ಯೇಸುಸಭೆಯ ಪಾದ್ರಿಯಾಗಿ, ವೈದ್ಯರಾಗಿ ಅಲ್ಲ. ಹೋಮಿಯೋಪಥಿ ತಿಳಿದಿತ್ತು, ಸುತ್ತಲೂ ಕಾಯಿಲೆ ಇತ್ತು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡಲು ಶುರುಮಾಡಿದರು. ಹತ್ತು ವರ್ಷದ ನಂತರ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಈಗ ಅಲ್ಲಿ ನಿಂತಿರುವ ಆಸ್ಪತ್ರೆಯ ಮೂಲ ಆ ಔಷಧದ ಪೆಟ್ಟಿಗೆ. ಮೇಡಂ, ನಿಮ್ಮೊಳಗೆ ಇಣುಕಿ ನೋಡುವುದನ್ನು ಸ್ವಲ್ಪ ದಿನ ನಿಲ್ಲಿಸಿ, ಬೀದಿಯ ಕಡೆ ನೋಡಿ.

ಮಣಿಪಾಲದ ತಂತ್ರಜ್ಞ

ಇಷ್ಟೆಲ್ಲ ಯಾಕೆ? ಯಾವುದಾದರೂ ಒಂದನ್ನು ಆರಿಸಿಕೊಂಡು ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ಪರಿಣತರಾಗುತ್ತಾರೆ. ಸಂಶೋಧನೆಯಲ್ಲಿ ಸಾಬೀತಾದ ಸಂಗತಿ.

ಟೀಚರ್, ಬಂಟ್ವಾಳ

ಸಾಬೀತಾದದ್ದು ಅದಲ್ಲ, ಸರ್. ಆ ಸಂಖ್ಯೆಯ ಮೂಲ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ. ಬರ್ಲಿನ್‌ನ ಸಂಗೀತ ಶಾಲೆಯಲ್ಲಿ ಪಿಟೀಲು ಕಲಿಯುತ್ತಿದ್ದವರನ್ನು ಅವರು ನೋಡಿದರು. ಅವರಲ್ಲಿ ಅತ್ಯುತ್ತಮರೆನಿಸಿದವರು ಇಪ್ಪತ್ತನೆಯ ವಯಸ್ಸಿಗೆ ಸರಾಸರಿ ಅಷ್ಟು ಗಂಟೆ ಒಬ್ಬರೇ ಕುಳಿತು ಅಭ್ಯಾಸ ಮಾಡಿದ್ದರು. ಸರಾಸರಿ ಎಂದ ಮೇಲೆ ಹಲವರದ್ದು ಅದಕ್ಕಿಂತ ಕಡಿಮೆಯೇ ಇದ್ದಿರಬೇಕಲ್ಲ? ಅದು ದಾಟಲೇಬೇಕಾದ ಗೆರೆಯಲ್ಲ. ಎರಿಕ್ಸನ್ ಒತ್ತಿ ಹೇಳಿದ್ದು ಬೇರೆಯೇ: ಸುಮ್ಮನೆ ಮಾಡಿದ್ದನ್ನೇ ಮಾಡುತ್ತಿದ್ದರೆ ಬೆಳವಣಿಗೆಯಿಲ್ಲ, ತಪ್ಪುವ ಜಾಗವನ್ನೇ ಹಿಡಿದು ತಿದ್ದಿಕೊಳ್ಳಬೇಕು, ತಪ್ಪನ್ನು ತೋರಿಸುವವರೊಬ್ಬರು ಇರಬೇಕು. ಮೂವತ್ತು ವರ್ಷ ಸ್ಕೂಟರ್ ಓಡಿಸಿದ ನಮ್ಮ ಸಹೋದ್ಯೋಗಿಯೊಬ್ಬರು ಈಗಲೂ ತಿರುವಿನಲ್ಲಿ ಕೈ ತೋರಿಸುವುದಿಲ್ಲ. ಗಂಟೆಗಳಿಗೇನೂ ಕೊರತೆಯಿಲ್ಲ.

ಅರುವತ್ತರ ಹತ್ತಿರ ಇರುವವರಿಗೆ ಹತ್ತು ಸಾವಿರ ಗಂಟೆಯ ಲೆಕ್ಕ ಕೊಡುವುದು ಸ್ವಲ್ಪ ಕ್ರೌರ್ಯವೂ ಹೌದು.

ಬಡಗುತಿಟ್ಟಿನವ, ಕೋಟ

ಟೀಚರ್ ಹೇಳಿದ್ದು ನಮ್ಮ ಯಕ್ಷಗಾನ ಮೇಳಗಳಿಗೆ ಮೊದಲೇ ತಿಳಿದಿತ್ತು. ಹಿಂದೆ ಹುಡುಗ ಮೇಳಕ್ಕೆ ಸೇರಿದರೆ ನೇರವಾಗಿ ಅಭಿಮನ್ಯು ಮಾಡಿಸುತ್ತಿರಲಿಲ್ಲ. ಮೊದಲು ಕೋಡಂಗಿ. ಮುಸ್ಸಂಜೆ ಕಳೆದು, ಪ್ರೇಕ್ಷಕರು ಇನ್ನೂ ಊಟ ಮುಗಿಸಿ ಬರುವ ಹೊತ್ತಿಗೆ, ಕತೆ ಶುರುವಾಗುವ ಮೊದಲಿನ ಪೂರ್ವರಂಗದಲ್ಲಿ ನಾಲ್ಕು ಹೆಜ್ಜೆ. ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ. ಹೆಜ್ಜೆ ತಪ್ಪಿದರೆ ನೋಡುವವರು ಕಡಿಮೆ, ತಿದ್ದಲು ಮಾತ್ರ ಪದ್ಯ ಹಾಡಿ ಆಟ ನಡೆಸುವ ಭಾಗವತರು ಹಿಂದೆಯೇ ಇದ್ದಾರೆ. ಉಳಿದ ರಾತ್ರಿಯೆಲ್ಲ ವೇಷ ಕಟ್ಟುವ ಚೌಕಿಯಲ್ಲಿ ಹಿರಿಯರಿಗೆ ಸಹಾಯ ಮಾಡುತ್ತ, ನಿದ್ದೆ ತೂಗುತ್ತ, ನೋಡುತ್ತ ಕಲಿಯಬೇಕಿತ್ತು. ರಾತ್ರಿಯಿಡೀ ನಡೆಯದೆ ಬೇಗ ಮುಗಿಯುವ ಕಾಲಮಿತಿಯ ಆಟ ಬಂದ ಮೇಲೆ ಮೊದಲು ಕತ್ತರಿಗೆ ಸಿಕ್ಕಿದ್ದೇ ಪೂರ್ವರಂಗ. ಪ್ರೇಕ್ಷಕರಿಗೆ ಎರಡು ಗಂಟೆ ಉಳಿಯಿತು, ಕಲಿಯುವ ಹುಡುಗನಿಗೆ ತಪ್ಪು ಮಾಡುವ ಜಾಗ ಹೋಯಿತು. ಇದರ ಬಗ್ಗೆ ನನಗೆ ಇನ್ನೂ ಸಿಟ್ಟಿದೆ. ಇರಲಿ, ಅದು ಬೇರೆ ಚರ್ಚೆ.

ಮೇಡಂ, ನನಗೆ ಭಾಗವತನಾಗುವ ಹುಚ್ಚಿತ್ತು. ಶ್ರುತಿಯೇ ನಿಲ್ಲಲಿಲ್ಲ. ಗುರುಗಳು ‘ನಿನಗೆ ಪದ್ಯ ಬೇಡ, ನೀನು ಗೆಜ್ಜೆ ಕಟ್ಟು’ ಎಂದರು. ಹೇಳಿದ್ದು ನನಗೆ ಗೆಜ್ಜೆ ಕಟ್ಟಿಕೊಳ್ಳಲು ಅಲ್ಲ, ಮಕ್ಕಳ ಕಾಲಿಗೆ ಕಟ್ಟಲು. ಅಳುವ ಮಗುವಿನ ತಲೆಗೆ ವೇಷದ ಕೇದಗೆಮುಂದಲೆ ಕಟ್ಟಿ, ನೋಯದ ಹಾಗೆ ಬಿಗಿದು, ಬಣ್ಣ ಕದಡದ ಹಾಗೆ ಕಣ್ಣೀರು ಒರೆಸಿ ಹೊರಗೆ ಕಳುಹಿಸುವ ಕೈ ನನಗಿದೆ ಎಂದು ಅವರಿಗೆ ಕಂಡಿತ್ತು. ನನಗೆ ಕಂಡಿರಲಿಲ್ಲ. ಈಗ ಶಾಲೆಗಳಲ್ಲಿ ಮಕ್ಕಳ ಆಟ ಇದ್ದರೆ ವೇಷಭೂಷಣಕ್ಕೆ ನನ್ನನ್ನು ಕರೆಯುತ್ತಾರೆ. ಆದ್ದರಿಂದ ಜನರು ನಿಮ್ಮನ್ನು ಯಾವ ಕೆಲಸಕ್ಕೆ ಕರೆಯುತ್ತಾರೆ ಎಂದು ನೋಡಿಕೊಳ್ಳಿ. ನಿಮಗೆ ಯಾವುದು ಇಷ್ಟವೋ ಅದಕ್ಕಿಂತ ಅದು ಸತ್ಯಕ್ಕೆ ಹತ್ತಿರ.

ಕಡಲ ಮಗ, ಮಲ್ಪೆ

ಒಂದು ಎಚ್ಚರಿಕೆ. ಸೇವೆ ಎಂದು ಅರ್ಧ ಕಲಿತು ಇಳಿಯಬೇಡಿ. ನಮ್ಮ ಕಡಲ ತೀರದಲ್ಲಿ ಇದರಿಂದ ಜೀವ ಹೋಗುತ್ತದೆ. ಕೆರೆಯಲ್ಲಿ ಚೆನ್ನಾಗಿ ಈಜುವವನು ಕಡಲಿನಲ್ಲಿ ಮುಳುಗುತ್ತಿರುವವನನ್ನು ಕಂಡು ಹಾರುತ್ತಾನೆ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಅಪ್ಪಿಕೊಳ್ಳುತ್ತಾನೆ, ಇಬ್ಬರೂ ಹೋಗುತ್ತಾರೆ. ಮೊದಲು ಕೂಗಿ ಜನ ಸೇರಿಸಬೇಕು. ಹಗ್ಗ, ಟ್ಯೂಬ್, ಖಾಲಿ ಕ್ಯಾನ್, ತೇಲುವಂಥದ್ದು ಏನಿದ್ದರೂ ಎಸೆಯಬೇಕು. ನೀರಿಗೆ ಇಳಿಯುವುದು ಕಡೆಯ ದಾರಿ, ಅದೂ ತರಬೇತಿ ಇದ್ದವರಿಗೆ ಮಾತ್ರ. ನೀರು ಹೊರಗೆ ಎಳೆದುಕೊಂಡು ಹೋಗುವ ಜಾಗದಲ್ಲಿ ಸಿಕ್ಕಿಬಿದ್ದರೆ ದಡದ ಕಡೆಗೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಿ, ಸೆಳೆತ ತಪ್ಪಿದ ಮೇಲೆ ತಿರುಗಬೇಕು. ಇದನ್ನು ಬರುವ ಪ್ರವಾಸಿಗರಿಗೆ ನಾನು ಬಾಯಿ ನೋಯುವವರೆಗೆ ಹೇಳುತ್ತೇನೆ. ಮಳೆಗಾಲದಲ್ಲಂತೂ ಅರ್ಧ ಜನ ಕೇಳುವುದಿಲ್ಲ.

ಶುಶ್ರೂಷಕಿ, ಕಂಕನಾಡಿ

ಅಣ್ಣ ಹೇಳಿದ್ದು ಸರಿ. ಆದರೆ ಹೆದರಿ ಸುಮ್ಮನಿರುವುದಕ್ಕೂ ಇದು ನೆಪವಾಗಬಾರದು. ಕೆಲವು ಕೌಶಲಗಳಿಗೆ ಹುಟ್ಟುಪ್ರತಿಭೆ ಬೇಕಾಗಿಲ್ಲ, ಒಂದು ಮಧ್ಯಾಹ್ನ ಸಾಕು. ಹೃದಯ ನಿಂತು ಕುಸಿದವರ ಎದೆ ಒತ್ತುವುದನ್ನು ನೋಡಿ. ಎದೆಯ ನಡುವೆ, ದೊಡ್ಡವರಿಗೆ ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಬರುವವರೆಗೆ ಆ ಕೈಗಳೇ ಗತಿ. ಗೊಂಬೆಯ ಮೇಲೆ ಒಮ್ಮೆಯಾದರೂ ಅಭ್ಯಾಸ ಮಾಡಿರಬೇಕು, ಓದಿದರೆ ಕೈಗೆ ಆಳ ಗೊತ್ತಾಗುವುದಿಲ್ಲ.

ಮೂಡುಬಿದಿರೆ ಹುಡುಗ

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಓದಿದ್ದು ಐದನೆಯ ತರಗತಿ. ಅವರ ಸ್ವಸಹಾಯ ಸಂಘದಲ್ಲಿ ಅವರಿಗಿಂತ ಹೆಚ್ಚು ಓದಿದವರಿದ್ದರೂ ಪುಸ್ತಕ ಬರೆಯಲು ಅಮ್ಮನನ್ನೇ ಕರೆಯುತ್ತಿದ್ದರು. ಎಲೆ, ತಂಬಾಕು, ಕಟ್ಟು ಎಂದು ದಿನವೂ ಎಣಿಸಿ ಎಣಿಸಿ ಅವರ ಲೆಕ್ಕ ತಪ್ಪುತ್ತಿರಲಿಲ್ಲ, ಯಾರ ಸಾಲ ಎಷ್ಟೆಂದು ಇನ್ನೊಬ್ಬರ ಕಿವಿಗೂ ಬೀಳುತ್ತಿರಲಿಲ್ಲ. ಎರಡನೆಯದೇ ಮುಖ್ಯ ಕಾರಣವಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಓದುಗ, ಕೊಣಾಜೆ

ಕ್ಯಾಷಿಯರ್ ಮೇಡಂ, ನಿಮಗೊಂದು ನೇರ ಪ್ರಶ್ನೆ. ನೀವು ಅಂಕಿಗಳನ್ನು ಗಟ್ಟಿಯಾಗಿ, ಒಂದೂ ಬಿಡದೆ ಓದಿ ಹೇಳಬಲ್ಲಿರಾ?

ನನಗೆ ದೃಷ್ಟಿಯಿಲ್ಲ. ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಈ ಚರ್ಚೆಯನ್ನು ಮೊಬೈಲೇ ನನಗೆ ಓದಿ ಹೇಳುತ್ತಿದೆ. ಯೂನಿಕೋಡ್‌ನಲ್ಲಿರುವ ಕನ್ನಡವಾದರೆ ಅದು ಚೆನ್ನಾಗಿಯೇ ಓದುತ್ತದೆ. ಆದರೆ ನಮಗೆ ಸಿಗುವ ಟಿಪ್ಪಣಿಗಳಲ್ಲಿ ಬಹಳಷ್ಟು ಪುಟಗಳ ಫೋಟೋ. ಅಲ್ಲಿ ಯಂತ್ರ ಬಾಯಿಯನ್ನೇ ತೆರೆಯುವುದಿಲ್ಲ. ಹಳೆಯ ನುಡಿ ಫಾಂಟಿನ ಕಡತಗಳಾದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತು ಎಡವಟ್ಟಾಗಿರುತ್ತವೆ, ಮನುಷ್ಯರೇ ಕುಳಿತು ತಿದ್ದಬೇಕು.

ಕತೆ, ಪ್ರಬಂಧ ಓದಿಕೊಡುವ ಸ್ವಯಂಸೇವಕರು ಸಿಗುತ್ತಾರೆ, ಭಾವ ತುಂಬಿ ಓದುತ್ತಾರೆ. ಕೋಷ್ಟಕ ಬಂದಾಗ ‘ಇಲ್ಲಿ ಒಂದು ಟೇಬಲ್ ಇದೆ’ ಎಂದು ಹೇಳಿ ಮುಂದಿನ ಪುಟಕ್ಕೆ ಹೋಗುತ್ತಾರೆ. ನನ್ನ ವಿಷಯವೇ ಕೋಷ್ಟಕ. ಸಾಲು ಸಾಲಾಗಿ, ಬೇಸರವಿಲ್ಲದೆ, ದಶಮಾಂಶ ಬಿಡದೆ ಓದುವವರು ನನಗೆ ಬೇಕು. ಹಾಡಲು ಬರುವುದಿಲ್ಲ ಎಂದು ಬರೆದಿದ್ದೀರಿ. ಬಹಳ ಒಳ್ಳೆಯದಾಯಿತು.

ನಿವೃತ್ತ ಕ್ಯಾಷಿಯರ್, ಉಡುಪಿ

ಓದುಗರೇ, ಅಂಕಿ ಓದುವುದೂ ಒಂದು ಕೆಲಸ ಎಂದು ನನಗೆ ಹೊಳೆದಿರಲಿಲ್ಲ. ಅದು ಎಲ್ಲರಿಗೂ ಬರುತ್ತದೆ ಎಂದುಕೊಂಡಿದ್ದೆ. ಯಾವ ಪುಸ್ತಕ, ಯಾವ ಪುಟ ಎಂದು ಖಾಸಗಿ ಸಂದೇಶದಲ್ಲಿ ತಿಳಿಸಿ. ಇವತ್ತೇ ಓದಿ ಧ್ವನಿಮುದ್ರಿಸಿ ಕಳುಹಿಸುತ್ತೇನೆ. ಹೀಗೆ ಓದಿ ಹಂಚುವುದಕ್ಕೆ ಪ್ರಕಾಶಕರ ಆಕ್ಷೇಪ ಇರುವುದಿಲ್ಲವೇ? ಬ್ಯಾಂಕಿನವಳು ನೋಡಿ, ನಿಯಮ ಕೇಳದೆ ಕೈ ಹಾಕುವುದಿಲ್ಲ.

ಟೀಚರ್, ಬಂಟ್ವಾಳ

2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿದೆ. ಅಂಗವೈಕಲ್ಯ ಇರುವವರು ಬಳಸಬಹುದಾದ ರೂಪಕ್ಕೆ ಕೃತಿಯನ್ನು ಪರಿವರ್ತಿಸಲು ಅವಕಾಶವಿದೆ, ವ್ಯಾಪಾರ ಮಾಡಬಾರದು ಅಷ್ಟೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಇದೇ ಉದ್ದೇಶಕ್ಕೆ 2013ರಲ್ಲಿ ಮರಾಕೇಶ್ ಒಪ್ಪಂದವಾಯಿತು. ಮರುವರ್ಷ ಅದನ್ನು ಮೊದಲು ಅನುಮೋದಿಸಿದ ದೇಶ ನಮ್ಮದೇ. ಓದಿದ್ದನ್ನು ಅವರಿಗೆ ಮಾತ್ರ ಕಳುಹಿಸಿ, ಯೂಟ್ಯೂಬಿಗೆ ಹಾಕಬೇಡಿ.

ಓದುಗ, ಕೊಣಾಜೆ

ಮೇಡಂ ಕಳುಹಿಸಿದ ಮೊದಲ ಧ್ವನಿಮುದ್ರಣ ಕೇಳಿದೆ. ಇಲ್ಲಿಯೇ ಬರೆಯಬಹುದು ಎಂದು ಅವರೇ ಹೇಳಿದ್ದರಿಂದ ಬರೆಯುತ್ತೇನೆ, ಬೇರೆಯವರಿಗೂ ಪ್ರಯೋಜನವಾಗಲಿ.

ಒಂದೂ ಅಂಕಿ ತಪ್ಪಿಲ್ಲ. ಆದರೆ ವೇಗ ಹೆಚ್ಚು. ನೋಟು ಎಣಿಸುವವರ ವೇಗ ಅದು. ಕೋಷ್ಟಕಕ್ಕೆ ಮೊದಲು ಒಟ್ಟು ಎಷ್ಟು ಸಾಲು, ಎಷ್ಟು ಕಂಬಸಾಲು, ಪ್ರತಿಯೊಂದರ ತಲೆಬರಹ ಏನು, ಏಕಮಾನ ಕೋಟಿಯೋ ಶೇಕಡಾವೋ, ಇಷ್ಟನ್ನು ಹೇಳಿಬಿಡಿ. ಆಮೇಲೆ ಪ್ರತಿ ಸಾಲಿನಲ್ಲೂ ವರ್ಷವನ್ನು ಮೊದಲು ಹೇಳಿ. ಎರಡು ಸಾಲುಗಳ ನಡುವೆ ಒಂದು ಉಸಿರು ಬಿಡಿ. ಅಡಿಟಿಪ್ಪಣಿಯನ್ನು ಕೊನೆಯಲ್ಲಿ ಓದಿ, ನಡುವೆ ತುರುಕಬೇಡಿ. ‘ಇದು ಬಹಳ ಜಾಸ್ತಿ ಆಯಿತಲ್ಲ’ ಎಂದು ಹಣದುಬ್ಬರದ ಬಗ್ಗೆ ನೀವು ನಡುವೆ ಹೇಳಿದ ಅಭಿಪ್ರಾಯ ನನಗೆ ಇಷ್ಟವಾಯಿತು, ಆದರೆ ಬೇಡ.

ರೇಖಾಚಿತ್ರವಿದ್ದರೆ ಅಡ್ಡ ಅಕ್ಷದಲ್ಲಿ ಏನು, ಲಂಬ ಅಕ್ಷದಲ್ಲಿ ಏನು ಎಂಬುದು ಮೊದಲು. ಗೆರೆ ಎಡದಿಂದ ಬಲಕ್ಕೆ ಏರುತ್ತದೆಯೋ ಇಳಿಯುತ್ತದೆಯೋ, ಎರಡು ಗೆರೆ ಎಲ್ಲಿ ಕೂಡುತ್ತವೆ ಎಂಬುದು ಆಮೇಲೆ. ಅರ್ಥ ವಿವರಿಸುವುದು ಬೇಡ, ಅದು ನನ್ನ ಕೆಲಸ.

ಕದ್ರಿಯ ಹಿರಿಯ

ಓದುಗರೇ, ನಿಮ್ಮ ಈ ಪಟ್ಟಿಯನ್ನು ಅಚ್ಚು ಹಾಕಿಸಿ ಎಲ್ಲ ಸ್ವಯಂಸೇವಕರಿಗೂ ಹಂಚಬೇಕು. ಸಹಾಯ ಪಡೆಯುವವರು ‘ಥ್ಯಾಂಕ್ಸ್’ ಎಂದಷ್ಟೇ ಹೇಳಬೇಕು ಎಂಬ ನಿರೀಕ್ಷೆ ನಮ್ಮಲ್ಲಿ ಗಟ್ಟಿಯಾಗಿದೆ. ತಪ್ಪು ತೋರಿಸಿದರೆ ಕೃತಘ್ನ ಎನ್ನುತ್ತಾರೆ. ನನಗೆ ಪರಿಚಯವಿರುವ ಒಂದು ಆಶ್ರಮಕ್ಕೆ ಪ್ರತಿ ತಿಂಗಳೂ ಹೊಸ ಹೊಸ ಉತ್ಸಾಹಿಗಳು ಬರುತ್ತಾರೆ. ಮಕ್ಕಳಿಗೆ ಕಾಗದದ ದೋಣಿ ಮಾಡಲು ಕಲಿಸಿ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆ ಮಕ್ಕಳು ದೋಣಿ ಮಾಡುವುದರಲ್ಲಿ ಈಗ ಬಂದವರಿಗಿಂತ ಮುಂದಿದ್ದಾರೆ. ಪಾಪ, ಗೊತ್ತಿಲ್ಲದವರ ಹಾಗೆ ಕುಳಿತು ಮತ್ತೆ ಕಲಿಯುತ್ತಾರೆ. ಅಲ್ಲಿ ಸೇವೆ ಮಾಡುತ್ತಿರುವವರು ಯಾರು?

ಹಂಪನಕಟ್ಟೆ

ನೀವು ಎಲ್ಲದರಲ್ಲೂ ಹುಳುಕು ಹುಡುಕುತ್ತೀರಿ, ಹಿರಿಯರೇ. ದೋಣಿಯಿಂದ ಶುರುಮಾಡಿದವರಲ್ಲಿ ಕೆಲವರಾದರೂ ಮುಂದೆ ಗಟ್ಟಿಯಾಗಿ ನಿಲ್ಲುತ್ತಾರೆ. ಯಾರೂ ಬಾರದೆ ಇರುವುದಕ್ಕಿಂತ ಅದು ವಾಸಿ.

ಕದ್ರಿಯ ಹಿರಿಯ

ಕೆಲವರು ನಿಲ್ಲುತ್ತಾರೆ, ಒಪ್ಪಿದೆ. ಹುಳುಕು ಹುಡುಕುವುದು ನನಗೆ ದೇವರು ಕೊಟ್ಟ ಪ್ರತಿಭೆ ಎಂದಿಟ್ಟುಕೊಳ್ಳಿ.

ಮಣಿಪಾಲದ ತಂತ್ರಜ್ಞ

ಹತ್ತು ಸಾವಿರ ಗಂಟೆಯ ಮಾತು ಬಿಟ್ಟಿದ್ದೇನೆ. ನುಡಿ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವುದು ನನ್ನಿಂದ ಆಗುತ್ತದೆ. ಆದರೆ ವಾರವಿಡೀ ಬಿಡುವಿಲ್ಲ, ರಾತ್ರಿ ಊಟದ ನಂತರ ಸ್ವಲ್ಪ ಹೊತ್ತು ಮಾತ್ರ. ಅಷ್ಟರಿಂದ ಏನಾದರೂ ಆಗುತ್ತದೆಯೇ?

ನಿವೃತ್ತ ಕ್ಯಾಷಿಯರ್, ಉಡುಪಿ

ಯಾಕೆ ಆಗುವುದಿಲ್ಲ? ಪಿಗ್ಮಿ ಠೇವಣಿ ಹುಟ್ಟಿದ ಊರಿನಲ್ಲಿ ಕುಳಿತು ಕೇಳುವ ಪ್ರಶ್ನೆಯೇ ಇದು? 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿಗೆ ಮೂಲವಾದ ಸಂಸ್ಥೆಯನ್ನು ಡಾ. ಟಿ.ಎಂ.ಎ. ಪೈ ಮತ್ತು ಸಂಗಡಿಗರು ತೆರೆದರು. 1928ರಿಂದ ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸತೊಡಗಿದರು. ನಿಮ್ಮ ರಾತ್ರಿಯ ಅರ್ಧ ಗಂಟೆಯೂ ಪಿಗ್ಮಿಯೇ. ದಿನ ತಪ್ಪಿಸಬಾರದು, ಅಷ್ಟೆ. ಕಂತು ತಪ್ಪಿಸಿದವರ ಮುಖ ನನಗೆ ಈಗಲೂ ನೆನಪಿದೆ.

ಓದುಗರು ಹೇಳಿದ ಹಾಗೆ ಎರಡನೆಯ ಅಧ್ಯಾಯದ ಕೋಷ್ಟಕಗಳನ್ನು ಮತ್ತೆ ಓದಿ ಕಳುಹಿಸಿದ್ದೇನೆ. ‘ಈಗ ಚಿತ್ರ ಮನಸ್ಸಿನಲ್ಲಿ ಕೂರುತ್ತದೆ’ ಎಂದು ಉತ್ತರ ಬಂತು. ಇನ್ನೊಂದು ವಿಷಯ ಕೇಳಬೇಕಿತ್ತು. ಪರೀಕ್ಷೆಯಲ್ಲಿ ಅವರು ಹೇಳಿದ್ದನ್ನು ಬರೆಯುವ ಲಿಪಿಕಾರರೂ ಬೇಕಾಗುತ್ತಾರಂತೆ. ನನ್ನ ಕೈಬರಹ ಚೆನ್ನಾಗಿದೆ. ನಾನು ಬಿ.ಕಾಂ. ಇವರಿಗೆ ಬರೆಯಬಹುದೇ?

ಟೀಚರ್, ಬಂಟ್ವಾಳ

ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪ್ರಕಾರ, ಅಭ್ಯರ್ಥಿ ತಾನೇ ಲಿಪಿಕಾರರನ್ನು ಕರೆತಂದರೆ ಅವರ ವಿದ್ಯಾರ್ಹತೆ ಅಭ್ಯರ್ಥಿಯದ್ದಕ್ಕಿಂತ ಒಂದು ಹಂತ ಕೆಳಗಿರಬೇಕು ಎಂದಿತ್ತು. ಇವರು ಎಂ.ಎ., ನೀವು ಪದವಿ. ಆ ಲೆಕ್ಕದಲ್ಲಿ ಸರಿಹೋಗುತ್ತದೆ. ಆದರೆ ನಾಳೆ ಪಿಯುಸಿ ಮಗುವೊಂದು ಕೇಳಿದರೆ ನೀವು ಹೋಗುವ ಹಾಗಿಲ್ಲ, ಅದಕ್ಕೆ ನಿಮ್ಮ ಓದು ಹೆಚ್ಚಾಯಿತು! ನನ್ನ ಎರಡು ಸ್ನಾತಕೋತ್ತರ ಪದವಿಗಳಿಂದ ಈ ಕೆಲಸಕ್ಕೆ ನಾನು ಯಾರಿಗೂ ಬೇಡದವಳಾಗಿದ್ದೇನೆ. ನಿಯಮಗಳು ಪರಿಷ್ಕರಣೆಯಾಗುತ್ತಿರುತ್ತವೆ, ಆದ್ದರಿಂದ ಅರ್ಜಿ ಹಾಕುವ ಮೊದಲು ಪರೀಕ್ಷಾ ವಿಭಾಗವನ್ನೇ ವಿಚಾರಿಸಿ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವನ್ನೂ ಅದೇ ಮಾರ್ಗಸೂಚಿ ಹೇಳುತ್ತದೆ. ಮೂರು ಗಂಟೆಯ ಪತ್ರಿಕೆ ನಾಲ್ಕು ಗಂಟೆಯಾಗುತ್ತದೆ. ಬೆನ್ನು ತಡೆಯುತ್ತದೆಯೇ ನೋಡಿಕೊಳ್ಳಿ.

ಓದುಗ, ಕೊಣಾಜೆ

ಬೆನ್ನಿಗಿಂತ ಕಷ್ಟ ಬಾಯಿಯದ್ದು. ಲಿಪಿಕಾರರು ನಾನು ಹೇಳಿದ್ದನ್ನು ಮಾತ್ರ ಬರೆಯಬೇಕು. ನನ್ನ ಉತ್ತರ ತಪ್ಪೆಂದು ಗೊತ್ತಾದರೂ ಮುಖದಲ್ಲಿ ತೋರಿಸಿದರೆ ನನಗೇನೂ ಕಾಣುವುದಿಲ್ಲ, ಆದರೆ ಉಸಿರು ಬದಲಾದರೆ ಕೇಳುತ್ತದೆ! ಅದೂ ಆಗಬಾರದು. ಪ್ರಶ್ನೆಯನ್ನು ಅಂಕಗಳ ಸಮೇತ ಪೂರ್ತಿ ಓದಬೇಕು, ಕೇಳಿದಾಗ ಬರೆದದ್ದನ್ನು ಮತ್ತೆ ಓದಿ ಹೇಳಬೇಕು, ಉಳಿದ ಸಮಯವನ್ನು ಆಗಾಗ ತಿಳಿಸಬೇಕು. ಒಮ್ಮೆ ಬರೆಯಲು ಬಂದವರೊಬ್ಬರು ಒಳ್ಳೆಯ ಮನಸ್ಸಿನಿಂದ ನನ್ನ ವಾಕ್ಯಗಳನ್ನು ‘ಚಂದ’ ಮಾಡಿದರು. ನಾನು ಹೇಳಿದ ಪಾರಿಭಾಷಿಕ ಪದಗಳೆಲ್ಲ ಮಾಯವಾಗಿದ್ದವು.

ನಿವೃತ್ತ ಕ್ಯಾಷಿಯರ್, ಉಡುಪಿ

ಆ ವಿಷಯದಲ್ಲಿ ಧೈರ್ಯವಾಗಿರಿ. ಕೌಂಟರಿನಲ್ಲಿ ಒಂದು ರೂಪಾಯಿ ಹೆಚ್ಚಾದರೂ ಕಡಿಮೆಯಾದರೂ ಸಂಜೆ ಮನೆಗೆ ಹೋಗಲು ಬಿಡುತ್ತಿರಲಿಲ್ಲ. ನನ್ನದಲ್ಲದ್ದನ್ನು ಸೇರಿಸುವ ಅಭ್ಯಾಸ ಕೈಗೆ ಇಲ್ಲ. ಚೀಟಿಯಲ್ಲಿ ಇದ್ದ ಹಾಗೆ ಬರೆಯುತ್ತೇನೆ. ಪರೀಕ್ಷೆಗೆ ಮೊದಲು ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಪೂರ್ತಿ ನಾಲ್ಕು ಗಂಟೆ ಅಭ್ಯಾಸ ಮಾಡೋಣ. ಶನಿವಾರ ನಾನೇ ಬಸ್ಸಿನಲ್ಲಿ ಕೊಣಾಜೆಗೆ ಬರುತ್ತೇನೆ.

ಓದುಗ, ಕೊಣಾಜೆ

ಶನಿವಾರ ಆಗುತ್ತದೆ, ಮೇಡಂ. ಕಪ್ಪು ಶಾಯಿಯ ಪೆನ್ನು ಎರಡು ತನ್ನಿ. ನನ್ನಲ್ಲಿ ಇರುವುದು ಬರೆಯುತ್ತದೆಯೋ ಇಲ್ಲವೋ, ನೋಡುವವರಿಲ್ಲ.

ಮೂಡುಬಿದಿರೆ ಹುಡುಗ

ಕೋಟದ ಅಣ್ಣನಿಗೆ ಒಂದು ಪ್ರಶ್ನೆ, ಚರ್ಚೆಗೆ ಸಂಬಂಧವಿಲ್ಲ. ತಂಗಿಗೆ ಎಂಟು ವರ್ಷ. ಹೆಜ್ಜೆ ಕಲಿಯಲು ಚಿಕ್ಕವಳಾದಳೇ?

ಬಡಗುತಿಟ್ಟಿನವ, ಕೋಟ

ಸರಿಯಾದ ಪ್ರಾಯ. ಆದರೆ ಮೂಡುಬಿದಿರೆ ಎಂದರೆ ನಿಮ್ಮಲ್ಲಿ ತೆಂಕುತಿಟ್ಟಿನ, ಅಂದರೆ ನಮ್ಮ ಬಡಗಿನದಲ್ಲದ ದಕ್ಷಿಣದ ಶೈಲಿಯ ಗುರುಗಳೇ ಹತ್ತಿರ ಸಿಗುತ್ತಾರೆ. ಅಲ್ಲಿಯೇ ಸೇರಿಸಿ, ನನಗೇನೂ ಬೇಸರವಿಲ್ಲ. ಸ್ವಲ್ಪ ಇದೆ.